ಆರ್ಡಿಸ್ ಗ್ಯಾರೇಜಿನ ಮೇಲೆ ಹನ್ನೊಂದು ಗಂಡಸರು

ನಮ್ಮ ಓಸ್ಡಾಲ್ ಊರಿನಲ್ಲಿ ಹೆಚ್ಚುಕಡಿಮೆ ಅರ್ಧ ಮನೆಗಳಿಗೆ ಛಾವಣಿ ಹೊದಿಸಿದವಳು ಆರ್ಡಿಸ್ ನಟ್ಸನ್. ಇದು ಊರಿಗೆಲ್ಲ ಗೊತ್ತು. ಆದರೆ ಯಾರೂ ಇದನ್ನು ಬಾಯಿಬಿಟ್ಟು ಹೇಳಿದ್ದಿಲ್ಲ. ಹೇಳದವರಲ್ಲಿ ನಾನೂ ಒಬ್ಬ, ಅದಕ್ಕೇ ಈಗ ಬರೆಯುತ್ತಿದ್ದೇನೆ. ಬರೆಯುವುದಕ್ಕೆ ಧೈರ್ಯ ಬೇಕಿಲ್ಲ, ಎದುರಿಗೆ ಯಾರೂ ಕೂತಿರುವುದಿಲ್ಲ.

ಆರ್ಡಿಸ್ ಹುಟ್ಟಿ ಬೆಳೆದದ್ದು ಊರಿನಿಂದ ನಾಲ್ಕು ಮೈಲಿ ದೂರದ ಹಸುಗಳ ಫಾರ್ಮಿನಲ್ಲಿ. ನಾವಿಬ್ಬರೂ ಒಂದೇ ಸ್ಕೂಲ್ ಬಸ್ಸು ಹತ್ತಿದವರು. ಮೇವು ತುಂಬುವ ಸೈಲೋ ಗೋಪುರದ ತುದಿಗೆ ಹತ್ತಿ, ದೂರದಲ್ಲಿ ಬರುತ್ತಿರುವ ಬಸ್ಸಿಗೆ ಅಲ್ಲಿಂದ ಕೈ ಬೀಸಿ, ಆಮೇಲೆ ಇಳಿದು ಓಡಿಬರುತ್ತಿದ್ದಳು. ಅವಳಪ್ಪ ಕೆಳಗೆ ನಿಂತು ಬೈಯುತ್ತಿದ್ದ. ಇಪ್ಪತ್ತೊಂದಕ್ಕೆ ಲೈಲ್ ನಟ್ಸನ್‌ನನ್ನು ಮದುವೆಯಾದಳು. ಲೈಲ್ ಛಾವಣಿ ಕೆಲಸದವನು. ಒಳ್ಳೆಯವನು, ಮಾತು ಕಡಿಮೆ. ನಮ್ಮ ಕಡೆ ಇವೆರಡನ್ನೂ ಒಂದೇ ಗುಣ ಅಂತ ಲೆಕ್ಕ ಹಾಕುತ್ತಾರೆ.

ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ಲೈಲ್ ಹಾಲಿನ ಡೈರಿಯ ಛಾವಣಿಯಿಂದ ಜಾರಿ ಬಿದ್ದ. ಪಕ್ಕೆಲುಬು ಮುರಿದದ್ದು ಕೂಡಿಕೊಂಡಿತು. ತಲೆಯೊಳಗೆ ಏನಾಯಿತೋ ಅದು ಮಾತ್ರ ಸರಿಹೋಗಲಿಲ್ಲ. ಏಣಿಯ ಮೂರನೇ ಮೆಟ್ಟಿಲು ದಾಟಿದರೆ ಕಣ್ಣು ಕತ್ತಲೆಗಟ್ಟಿ, ಕೈ ಮರಗಟ್ಟಿ, ಅಲ್ಲೇ ಅಂಟಿಕೊಂಡು ನಿಲ್ಲುತ್ತಿದ್ದ. ಒಪ್ಪಿಕೊಂಡ ಕೆಲಸ ಮೂರು ಮನೆ ಬಾಕಿ ಇತ್ತು, ಹಿಮ ಬೀಳುವ ಕಾಲ ಹತ್ತಿರ ಬಂದಿತ್ತು. ಆರ್ಡಿಸ್ ಅವನ ಮೊಳೆ ಚೀಲ ಸೊಂಟಕ್ಕೆ ಕಟ್ಟಿಕೊಂಡು ಹತ್ತಿದಳು. ಹತ್ತಿದವಳು ಮುಂದಿನ ಮೂವತ್ತು ವರ್ಷ ಇಳಿಯಲಿಲ್ಲ.

ಲೈಲ್ ಕೆಳಗಿರುತ್ತಿದ್ದ. ಛಾವಣಿಗೆ ಸಾಲುಸಾಲಾಗಿ ಹೊದಿಸುವ ಶಿಂಗಲ್ ಹಾಳೆಗಳ ಕಟ್ಟುಗಳನ್ನು ಏಣಿಯ ಬುಡಕ್ಕೆ ತಂದಿಡುವುದು, ತಗಡು ಕತ್ತರಿಸುವುದು, ಮನೆಯವರ ಜೊತೆ ಮಳೆ ಬೆಳೆ ಮಾತಾಡುವುದು ಅವನ ಕೆಲಸ. ಪಿಕಪ್ಪಿನ ಬಾಗಿಲ ಮೇಲೆ ಅವನ ಹೆಸರೊಂದೇ. ಮೇಲೆ ಯಾರಿದ್ದಾರೆ ಅಂತ ಕತ್ತೆತ್ತಿದರೆ ಯಾರಿಗಾದರೂ ಕಾಣುತ್ತಿತ್ತು. ನಾವು ಕತ್ತೆತ್ತುತ್ತಿರಲಿಲ್ಲ. ಪಾಪ, ಲೈಲ್‌ಗೆ ಬೇಜಾರಾಗುತ್ತದೆ ಅಂತ. ಇದನ್ನು ನಾವು ಸೌಜನ್ಯ ಅಂದುಕೊಂಡಿದ್ದೆವು. ಇಡೀ ಊರು ಸೇರಿ ಒಬ್ಬನ ಮಾನ ಮುಚ್ಚಲು ಇನ್ನೊಬ್ಬಳ ಮೂವತ್ತು ವರ್ಷದ ದುಡಿಮೆಯನ್ನೇ ಹೊದಿಕೆ ಮಾಡಿದ್ದೆವು ಅನ್ನುವುದು ಆಗ ತೋಚಲಿಲ್ಲ. ತೋಚಿದವರೂ ಸುಮ್ಮನಿದ್ದರು.

ನನ್ನ ಮನೆಗೂ ಅವಳೇ ಹೊದಿಸಿದ್ದು. ಎರಡು ದಿನದ ಕೆಲಸ. ನಾನೂ ಲೈಲೂ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದೆವು. ಮೇಲಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು, ಒಂದು ಮೊಳೆಗೆ ಎರಡೇ ಏಟು. ಕೆಲಸ ಮುಗಿದ ಮೇಲೆ ನಾನು ಎದ್ದು ಲೈಲ್‌ನ ಕೈ ಕುಲುಕಿದೆ.

"ಪರವಾಗಿಲ್ಲ ಕಣೋ ಲೈಲ್, ಚೆನ್ನಾಗೇ ಬಂದಿದೆ" ಅಂದೆ.

ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಲೈಲ್ ತನ್ನ ಬೂಟು ನೋಡಿಕೊಂಡ. ಆರ್ಡಿಸ್ ಅದೇ ಹೊತ್ತಿಗೆ ಏಣಿ ಇಳಿಯುತ್ತಿದ್ದಳು. ಕೈಗವಸು ಬಿಚ್ಚುತ್ತ ನನ್ನ ಮುಖವನ್ನೊಮ್ಮೆ ನೋಡಿ, ಹೋಗಿ ಪಿಕಪ್ಪಿನಲ್ಲಿ ಕೂತಳು.

ಲೈಲ್‌ಗೆ ಕಾಯಿಲೆಯಾದಾಗ ಅವಳು ಕೆಲಸ ನಿಲ್ಲಿಸಿ ಅವನ ಆರೈಕೆಗೆ ನಿಂತಳು. ಅವನು ತೀರಿಕೊಂಡ ಮೇಲೆ ಇಬ್ಬರು ಅವಳಿಗೆ ಫೋನ್ ಮಾಡಿದರಂತೆ. ಮನೆ ಸೋರುತ್ತಿದೆ, ಲೈಲ್ ಹೋದನಲ್ಲ, ಇನ್ನು ಛಾವಣಿಗೆ ಯಾರನ್ನು ಕರೆಯಬೇಕು ಗೊತ್ತಾ ಅಂತ ಅವಳನ್ನೇ ಕೇಳಿದರಂತೆ. ಅವಳು ಪಕ್ಕದ ಊರಿನ ಒಬ್ಬನ ಹೆಸರು ಹೇಳಿದಳು.

ಅದಾಗಿ ಎರಡು ವರ್ಷಕ್ಕೆ, ಜೂನ್ ತಿಂಗಳ ಒಂದು ಸೋಮವಾರ ಮಧ್ಯಾಹ್ನ ಬಿರುಗಾಳಿ ಬಂತು. ಸೈರನ್ ಕೂಗಿದಾಗ ಹೆಂಗಸರು ನೆಲಮಾಳಿಗೆಗೆ ಇಳಿದರು. ಗಂಡಸರು ಎಂದಿನಂತೆ ಜಗಲಿಗೆ ಬಂದು, ಸೊಂಟದ ಮೇಲೆ ಕೈಯಿಟ್ಟು, ಆಕಾಶ ನೋಡುತ್ತ ನಿಂತರು. ಇಪ್ಪತ್ತು ನಿಮಿಷದಲ್ಲಿ ಎಲ್ಲ ಮುಗಿಯಿತು. ನಮ್ಮ ಲೂಥರನ್ ಚರ್ಚಿನ ಪಡುವಣ ಇಳಿಜಾರಿನ ಶಿಂಗಲ್ಲುಗಳು ಕಿತ್ತುಹೋಗಿ ಸೋಯಾ ಹೊಲದಲ್ಲಿ ಬಿದ್ದಿದ್ದವು. ಆರು ವರ್ಷದ ಹಿಂದೆ ಪಟ್ಟಣದ ಕಂಪನಿಯೊಂದು ಹೊದಿಸಿದ್ದ ಛಾವಣಿ ಅದು. ಆರ್ಡಿಸ್ ಹೊದಿಸಿದ ಮನೆಗಳಲ್ಲಿ ಒಂದು ಹಾಳೆಯೂ ಅಲ್ಲಾಡಿರಲಿಲ್ಲ. ಅವಳ ದುರದೃಷ್ಟಕ್ಕೆ, ಪಕ್ಕದ ಓಣಿಯ ಕಾಟನ್‌ವುಡ್ ಮರದ ದೊಡ್ಡ ಕೊಂಬೆ ಮುರಿದು ಅವಳ ಗ್ಯಾರೇಜಿನ ಮೇಲೇ ಬಿತ್ತು. ರಸ್ತೆ ಕಡೆಯ ಇಳಿಜಾರಿನಲ್ಲಿ ಹಂಡೆ ಇಳಿಯುವಷ್ಟು ತೂತು. ಶಿಂಗಲ್ಲುಗಳು ಹರಿದು ಜೋತಾಡುತ್ತಿದ್ದವು.

ಗುರುವಾರ ಬೆಳಿಗ್ಗೆ ಅವಳು ನಮ್ಮನೆಗೆ ಬಂದಳು. ನನ್ನ ಹೆಂಡತಿ ಮಾರ್ಲಿಸ್ ಕಾಫಿ ಸುರಿದಳು. ಆರ್ಡಿಸ್ ಮುಟ್ಟಲಿಲ್ಲ.

"ವೆಂಡೆಲ್, ನೀನು ಚರ್ಚ್ ಸಮಿತೀಲಿ ಇದ್ದೀಯಲ್ಲ. ಮಂಗಳವಾರ ಛಾವಣಿ ವಿಷಯ ಬರುತ್ತೆ. ನನ್ನ ಹೆಸರು ಹಾಕ್ತೀಯಾ?"

"ನಿನ್ನ ಹೆಸರಾ?"

"ಮತ್ತಿನ್ಯಾರದು? ಲೈಲ್ ಹೆಸರು ಸಮಾಧಿ ಕಲ್ಲಿನ ಮೇಲೆ ಹಾಕ್ಸಿದ್ದೀನಿ. ಅವನಿಗೆ ಅಷ್ಟು ಸಾಕು."

ಮಾರ್ಲಿಸ್ ನಕ್ಕಳು. ನಾನು ನಗಲಿಲ್ಲ. "ಅಷ್ಟು ದೊಡ್ಡ ಛಾವಣಿ, ಒಬ್ಬಳೇ ಹೆಂಗೆ ಮಾಡ್ತೀಯೆ?" ಅಂದೆ.

"ನಮ್ಮಕ್ಕನ ಮಕ್ಕಳಿಬ್ಬರು ಬರ್ತಾರೆ. ನಲವತ್ತು ದಾಟಿದ ಗಂಡಸರು, ಮರದ ಕೆಲಸ ಬಲ್ಲವರು. ನಾನು ಹೇಳಿದ ಹಾಗೆ ಕೇಳ್ತಾರೆ." ಆಮೇಲೆ ಸ್ವಲ್ಪ ಮುಂದಕ್ಕೆ ಬಾಗಿ, ಯೋಚಿಸಿಟ್ಟುಕೊಂಡು ಬಂದದ್ದನ್ನು ಹೇಳಿದಳು. "ನನ್ನ ಗ್ಯಾರೇಜು ಚರ್ಚಿನ ಎದುರಿಗೇ ಇದೆ. ಶನಿವಾರ ನಾನೇ ಹತ್ತಿ ಶುರು ಮಾಡ್ತೀನಿ. ಭಾನುವಾರ ಪ್ರಾರ್ಥನೆಗೆ ಬರೋರೆಲ್ಲ ಕಣ್ಣಾರೆ ನೋಡ್ಲಿ. ಇಷ್ಟು ವರ್ಷ ಯಾರು ಮಾಡಿದ್ದು ಅಂತ ನಾನು ಬಾಯಿಬಿಡಬೇಕಾಗಿಲ್ಲ. ಲೈಲ್ ಮರ್ಯಾದೆನೂ ಹೋಗಲ್ಲ. ಮಂಗಳವಾರ ಯಾರಾದ್ರೂ ಕೇಳಿದ್ರೆ ನೀನೊಂದು ಮಾತು ಹೇಳು, ಅಷ್ಟೆ. ನೀನು ಕಂಡಿದ್ದನ್ನ ಹೇಳು."

"ಹೇಳ್ತೀನಿ ಬಿಡು" ಅಂದೆ.

ಆಮೇಲೆ ಕಾಫಿ ಕುಡಿದಳು. ಅರವತ್ತೈದು ವರ್ಷದ ಹೆಂಗಸು, ಹೋಗುವಾಗ ನಮ್ಮ ಜಗಲಿಯ ಮೂರು ಮೆಟ್ಟಿಲನ್ನು ಒಂದೇ ಸಲಕ್ಕೆ ಹಾರಿಳಿದಳು.

ಅದೇ ದಿನ ಊಟದ ಹೊತ್ತಿಗೆ ಡ್ವೇನ್ ಟಾಲೆಫ್‌ಸನ್ ಫೋನ್ ಮಾಡಿದ. ಡ್ವೇನ್ ಟ್ರ್ಯಾಕ್ಟರ್ ಮಾರುತ್ತಿದ್ದವನು, ಈಗ ಚರ್ಚ್ ಸಮಿತಿಯ ಅಧ್ಯಕ್ಷ. ಉಪಕಾರ ಮಾಡುವುದರಲ್ಲಿ ಅವನನ್ನು ಮೀರಿಸುವವರು ನಮ್ಮ ಜಿಲ್ಲೆಯಲ್ಲೇ ಇಲ್ಲ. ಬೇಕೋ ಬೇಡವೋ ಅಂತ ಕೇಳುವ ಅಭ್ಯಾಸ ಮಾತ್ರ ಅವನಿಗಿಲ್ಲ.

"ಶನಿವಾರ ಬೆಳಿಗ್ಗೆ ಆರೂವರೆಗೆ ಆರ್ಡಿಸ್ ಮನೆ ಹತ್ರ ಬಂದುಬಿಡು. ಗ್ಯಾರೇಜ್ ಛಾವಣಿ ನಾವೇ ಹೊದಿಸಿ ಕೊಡೋಣ. ಪಾಪ, ಒಂಟಿ ಹೆಂಗಸು. ಅವಳಿಗೆ ಮಾತ್ರ ಹೇಳ್ಬೇಡ ಕಣೋ, ಸರ್‌ಪ್ರೈಸು."

ಗಂಡ ಸತ್ತವಳ ಹೊಲ ಕೊಯ್ದುಕೊಡುವುದು, ಸೌದೆ ಒಡೆದುಕೊಡುವುದು, ಸೋರುವ ಸೂರು ಮುಚ್ಚಿಕೊಡುವುದು ನಮ್ಮ ಅಜ್ಜಂದಿರ ಕಾಲದಿಂದ ಬಂದ ಪದ್ಧತಿ. ಒಳ್ಳೆಯ ಪದ್ಧತಿಯೇ. ಆ ಕ್ಷಣದಲ್ಲಿ ನಾನು ಹೇಳಬೇಕಾಗಿದ್ದದ್ದು ಒಂದೇ ವಾಕ್ಯ: ಡ್ವೇನ್, ಅವಳಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಬರುತ್ತೆ, ಬಿಟ್ಟುಬಿಡು. ಅದನ್ನು ಹೇಳಿದರೆ ಅದರ ಹಿಂದಿನದನ್ನೂ ಹೇಳಬೇಕಾಗುತ್ತದೆ, ಸತ್ತ ಲೈಲ್‌ನನ್ನು ಎಬ್ಬಿಸಿ ತಂದು ಏಣಿಯ ಮೂರನೇ ಮೆಟ್ಟಿಲ ಮೇಲೆ ನಿಲ್ಲಿಸಬೇಕಾಗುತ್ತದೆ.

"ಹಾಗಾದ್ರೆ ಸುತ್ತಿಗೆ ತರ್ತೀನಿ" ಅಂದೆ.

"ಸುತ್ತಿಗೆ ಯಾವ ಕಾಲದ್ದಯ್ಯ! ಮೊಳೆ ಗನ್ನು ತರ್ತಿದ್ದೀನಿ."

ಶನಿವಾರ ನಾವು ಹನ್ನೊಂದು ಜನ ಸೇರಿದೆವು. ಆರ್ಡಿಸ್ ಹಿಂಬಾಗಿಲಿನಿಂದ ಹೊರಗೆ ಬಂದಳು. ಕಾಲಿಗೆ ಹಳೆಯ ಬೂಟು, ಸೊಂಟಕ್ಕೆ ಮೊಳೆ ಚೀಲ, ಕೈಯಲ್ಲಿ ಬಣ್ಣದ ಪುಡಿ ಹಚ್ಚಿದ ಗೆರೆ ಹೊಡೆಯುವ ದಾರ. ಶಿಂಗಲ್ ಕಟ್ಟುಗಳನ್ನು ಹಿಂದಿನ ಸಂಜೆಯೇ ಜೋಡಿಸಿಟ್ಟಿದ್ದಳು.

"ಸರ್‌ಪ್ರೈಸ್!" ಅಂತ ಹನ್ನೊಂದು ಗಂಡಸರೂ ಕೂಗಿದೆವು. ನಾನೂ ಕೂಗಿದೆ.

ಅವಳು ನಿಂತಲ್ಲೇ ನಿಂತಳು. ಡ್ವೇನ್ ಹೋಗಿ ಅವಳ ಹೆಗಲು ತಟ್ಟಿದ.

"ಅಯ್ಯೋ, ಇದನ್ನೆಲ್ಲ ನೀನ್ಯಾಕೆ ಕಟ್ಕೊಂಡಿದ್ದೀಯ? ನಾವಿಲ್ವಾ? ಕೊಡಿಲ್ಲಿ" ಅಂತ ಮೊಳೆ ಚೀಲ ಬಿಚ್ಚಿಸಿಕೊಂಡ. ತನ್ನ ಸೊಂಟಕ್ಕೆ ಕಟ್ಟಿಕೊಳ್ಳಲು ನೋಡಿದ. ಹೊಟ್ಟೆ ಸುತ್ತಿ ಬರಲಿಲ್ಲ. ಎಲ್ಲರೂ ಗೊಳ್ಳೆಂದು ನಕ್ಕರು. ಚೀಲವನ್ನು ಬೇಲಿಗೆ ನೇತುಹಾಕಿದ.

"ಡ್ವೇನ್, ನಾನೇ ಮಾಡ್ಕೋತಿದ್ದೆ" ಅಂದಳು ಆರ್ಡಿಸ್.

"ಗೊತ್ತಮ್ಮ ಗೊತ್ತು, ನೀನು ಹಟಮಾರಿ. ಹೋಗು, ಕಾಫಿ ಇಡು. ಹನ್ನೊಂದು ಲೋಟ."

ಹರಿದ ಹಾಳೆಗಳನ್ನು ಕಿತ್ತೆವು, ಮುರಿದ ಪ್ಲೈವುಡ್ ಬದಲಾಯಿಸಿದೆವು. ಅಲ್ಲಿಯವರೆಗೆ ಕೆಲಸ ತಪ್ಪಿರಲಿಲ್ಲ. ಆಮೇಲೆ ಮೊಳೆ ಗನ್ನಿಗೆ ಗಾಳಿ ಒತ್ತುವ ಕಂಪ್ರೆಸರ್ ಚಾಲೂ ಆಯಿತು. ಶಿಂಗಲ್ ಹಾಳೆಯ ಮೇಲೆ ಒಂದು ಗೆರೆ ಇರುತ್ತದೆ. ಮೊಳೆ ಆ ಗೆರೆಯ ಮೇಲೇ ಕೂರಬೇಕು, ಆಗ ಅದು ಕೆಳಗಿನ ಹಾಳೆಯ ತಲೆಯನ್ನೂ ಸೇರಿಸಿ ಹಿಡಿಯುತ್ತದೆ. ಎರಡು ಬೆರಳು ಮೇಲೆ ಹೊಡೆದರೆ ಒಂದೇ ಹಾಳೆ ಸಿಕ್ಕುತ್ತದೆ. ನೋಡುವುದಕ್ಕೆ ಏನೂ ವ್ಯತ್ಯಾಸವಿಲ್ಲ, ಮೇಲಿನ ಸಾಲು ಬಂದು ಎಲ್ಲ ಮುಚ್ಚಿಹೋಗುತ್ತದೆ. ಗಾಳಿಗೆ ಮಾತ್ರ ಗೊತ್ತಾಗುತ್ತದೆ. ನಮ್ಮವರು ಗನ್ನು ಹಿಡಿದು, ಹಬ್ಬದ ಪಟಾಕಿಯ ಹಾಗೆ, ಮನಸ್ಸಿಗೆ ಬಂದಲ್ಲಿ ಹೊಡೆಯುತ್ತಿದ್ದರು.

ಆರ್ಡಿಸ್ ಕೆಳಗೆ ಕಾಫಿ ತಟ್ಟೆ ಹಿಡಿದು ನಿಂತಿದ್ದಳು. ಸದ್ದಿನಲ್ಲೇ ಅವಳಿಗೆ ತಿಳಿಯಿತು ಅನ್ನಿಸುತ್ತದೆ.

"ಮೊಳೆ ಮೇಲಕ್ಕೆ ಹೋಗ್ತಿದೆ! ಗೆರೆ ಮೇಲೆ ಹೊಡೀರಿ! ಗಾಳಿ ಒತ್ತಡ ಕಮ್ಮಿ ಮಾಡಿ, ಮೊಳೆ ತಲೆ ಹಾಳೆನ ಹರೀತಿದೆ!"

"ಕೇಳಿದ್ರಾ, ಮೇಸ್ತ್ರಿ ಬಂದ್ರು" ಅಂದ ಡ್ವೇನ್. ಮತ್ತೆ ನಗು. "ಲೈಲ್ ಜೊತೆ ಇದ್ದೂ ಇದ್ದೂ ನೀನೂ ಕಲ್ತುಬಿಟ್ಟೆ ಕಣೆ ಆರ್ಡಿಸ್!"

"ಲೈಲ್‌ಗೆ..." ಅಂದವಳು ಅಲ್ಲಿಗೇ ನಿಲ್ಲಿಸಿದಳು. ತುಟಿ ಕಚ್ಚಿದ್ದು ನನಗೆ ಮೇಲಿನಿಂದ ಕಾಣಿಸಿತು. ಆಮೇಲೆ ನೇರವಾಗಿ ನನ್ನನ್ನು ನೋಡಿದಳು.

ನನಗೆ ಗೆರೆ ಎಲ್ಲಿದೆ ಅಂತ ಗೊತ್ತಿತ್ತು. ಒಂದು ಹಾಳೆಗೆ ನಾನು ಸರಿಯಾಗೇ ಹೊಡೆದಿದ್ದೆ. ಡ್ವೇನ್ ಪಕ್ಕದಿಂದ, "ಗೆರೆ ನೋಡ್ತಾ ಕೂತ್ರೆ ಸೋಮವಾರ ಆಗುತ್ತೆ, ಬೇಗ ಹೊಡಿಯೋ" ಅಂದ. ಬೇಗ ಹೊಡೆದೆ. ಎರಡು ಬೆರಳು ಮೇಲಕ್ಕೆ, ಎಲ್ಲರ ಹಾಗೆ. ಅವಳು ನೋಡುತ್ತಲೇ ಇದ್ದಳು. ಅವತ್ತಿನ ನಾಚಿಕೆ ನನಗೆ ಇವತ್ತಿಗೂ ಹೋಗಿಲ್ಲ.

ಹನ್ನೊಂದು ಗಂಟೆಗೆ ಮುಗಿಯಿತು. ಹೆಂಗಸರು ಮಾಂಸ, ತರಕಾರಿ ಸೇರಿಸಿ ಬೇಯಿಸಿದ ಹಾಟ್‌ಡಿಶ್, ಹ್ಯಾಮ್ ಸ್ಯಾಂಡ್‌ವಿಚ್, ಸಿಹಿ ತುಂಡುಗಳನ್ನು ತಂದು ಗ್ಯಾರೇಜಿನ ಮುಂದೆ ಮೇಜಿನ ಮೇಲೆ ಹರಡಿದರು. ಫೋಟೋ ತೆಗೆದರು. ಫೋಟೋದ ನಡುವೆ ಆರ್ಡಿಸ್‌ಳನ್ನು ನಿಲ್ಲಿಸಿದರು. ಅವಳು ಎಲ್ಲರ ಲೋಟಕ್ಕೂ ತಾನೇ ಕಾಫಿ ಸುರಿದು, "ಥ್ಯಾಂಕ್ಸ್" ಅಂದಳು. ನನಗೂ ಅಂದಳು.

ಮಂಗಳವಾರ ಸಂಜೆ ಚರ್ಚಿನ ನೆಲಮಾಳಿಗೆಯಲ್ಲಿ ಸಮಿತಿ ಸೇರಿತು. ಆರು ಜನ ಸದಸ್ಯರು, ಜೊತೆಗೆ ಪಾಸ್ಟರ್ ಸಿಗ್ನೆ. ಅವರು ಊರಿಗೆ ಬಂದು ಒಂದು ವರ್ಷವಾಗಿತ್ತಷ್ಟೆ. ಡ್ವೇನ್ ಎರಡು ಕಂಪನಿಗಳ ಕಾಗದ ಮುಂದಿಟ್ಟ. ನಾನು ಹೇಳಿದೆ: "ಆರ್ಡಿಸ್ ನಟ್ಸನ್ ಕೂಡ ಮಾಡಿಕೊಡ್ತೀನಿ ಅಂದಿದ್ದಾಳೆ."

ಎಲ್ಲರೂ ತಮ್ಮ ತಮ್ಮ ಕಾಫಿ ಲೋಟದೊಳಗೆ ನೋಡಿದರು. ಅಲ್ಲಿದ್ದ ಆರೂ ಜನರ ಮನೆಗೆ ಅವಳೇ ಛಾವಣಿ ಹೊದಿಸಿದ್ದಳು.

"ಆರ್ಡಿಸ್? ಅವರು ಛಾವಣಿ ಕೆಲಸ ಮಾಡ್ತಿದ್ರಾ?" ಪಾಸ್ಟರ್ ಕೇಳಿದರು. ಪಾಪ, ಅವರೊಬ್ಬರಿಗೇ ನಿಜವಾಗಿ ಗೊತ್ತಿರಲಿಲ್ಲ.

"ಲೈಲ್‌ಗೆ ಸಹಾಯ ಮಾಡ್ತಿದ್ಲು" ಅಂದ ಡ್ವೇನ್. "ಒಳ್ಳೆ ಹೆಂಗಸು, ಇಲ್ಲ ಅನ್ನಲ್ಲ. ಆದ್ರೆ ನೀವೇ ಯೋಚ್ನೆ ಮಾಡಿ ಪಾಸ್ಟರ್, ತನ್ನ ಗ್ಯಾರೇಜ್ ಛಾವಣಿನೇ ಅವಳ ಕೈಲಿ ಮಾಡ್ಕೊಳ್ಳೋಕಾಗ್ಲಿಲ್ಲ. ಮೊನ್ನೆ ನಾವು ಹನ್ನೊಂದು ಜನ ಹೋಗಬೇಕಾಯ್ತು. ಅಂಥವಳನ್ನ ಚರ್ಚಿನ ಮೇಲೆ ಹತ್ತಿಸೋದಾ? ಬಿದ್ರೆ ಯಾರು ಜವಾಬ್ದಾರಿ?" ಆಮೇಲೆ ನನ್ನ ಕಡೆ ತಿರುಗಿದ. "ಸಹಾಯ ತಾನೆ ಮಾಡ್ತಿದ್ದಿದ್ದು? ಅಲ್ವೇನೋ ವೆಂಡೆಲ್?"

ಅವಳು ನನ್ನಿಂದ ಕೇಳಿದ್ದು ಒಂದೇ ಮಾತು. ಆ ಮಾತಿಗೆ ಜಾಗ ಇದೇ, ಹೊತ್ತು ಇದೇ. ಪಾಸ್ಟರ್ ನನ್ನ ಮುಖ ನೋಡುತ್ತ ಕಾದರು.

"ಹೌದು" ಅಂದೆ. "ಸಹಾಯ ಮಾಡ್ತಿದ್ಲು."

ಪಟ್ಟಣದ ಕಂಪನಿಯೊಂದಕ್ಕೆ ಕೆಲಸ ಹೋಯಿತು. ಎಲ್ಲರ ಕೈ ಒಟ್ಟಿಗೆ ಎದ್ದಿತು, ನನ್ನದೂ ಸೇರಿ. ಮೌನ ಬಂಗಾರ ಅನ್ನುತ್ತಾರೆ. ಅವತ್ತು ನಾನು ಬಂಗಾರವನ್ನೂ ಉಳಿಸಿಕೊಳ್ಳಲಿಲ್ಲ, ಬಾಯಿಬಿಟ್ಟೇ ಸುಳ್ಳು ಹೇಳಿದೆ.

ಗುರುವಾರ ಬೆಳಿಗ್ಗೆ ಆರ್ಡಿಸ್ ತನ್ನ ಗ್ಯಾರೇಜಿನ ಮೇಲೆ ಹತ್ತಿ, ನಾವು ಹೊದಿಸಿದ ಹೊಸ ಶಿಂಗಲ್ಲುಗಳನ್ನೆಲ್ಲ ಒಂದೊಂದಾಗಿ ಕಿತ್ತು ಕೆಳಗೆಸೆಯತೊಡಗಿದಳು. ಕಾರುಗಳು ನಿಧಾನವಾಗಿ ಹೋಗತೊಡಗಿದವು. ಮಧ್ಯಾಹ್ನದೊಳಗೆ ಊರಿಗೆಲ್ಲ ಸುದ್ದಿ. ದುಃಖ ತಲೆಗೇರಿದೆ ಅಂದರು ಕೆಲವರು. ಅವಳ ತಾಯಿಗೂ ವಯಸ್ಸಾದ ಮೇಲೆ ಮರೆವಿತ್ತಲ್ಲ ಅಂದರು ಇನ್ನು ಕೆಲವರು. ಮಾಡಿದ ಉಪಕಾರವನ್ನು ಹೀಗೆ ಹಾಡಹಗಲೇ ಕಿತ್ತೆಸೆಯುವವಳು ಹುಚ್ಚಿಯೇ ಇರಬೇಕು ಅಂತ ತೀರ್ಮಾನವಾಯಿತು. ಅವಳನ್ನು ಹುಚ್ಚಿ ಅನ್ನದಿದ್ದರೆ ನಮ್ಮ ಕೆಲಸ ಕೆಟ್ಟದ್ದು ಅನ್ನಬೇಕಾಗುತ್ತಿತ್ತಲ್ಲ.

ಶುಕ್ರವಾರ ಡ್ವೇನ್ ಮತ್ತೆ ಫೋನ್ ಮಾಡಿದ. "ನೀನು ಅವಳ ಸ್ನೇಹಿತ ಕಣಯ್ಯ. ಹೋಗಿ ಆ ಏಣಿ ತಗೊಂಡ್ಬಂದುಬಿಡು. ಬಿದ್ದುಗಿದ್ದು ಸೊಂಟ ಮುರ್ಕೊಂಡ್ರೆ ಆಮೇಲೆ ನಾವೇ ನೋಡ್ಬೇಕು."

ಹೋದೆ.

ಅವಳು ಅಷ್ಟರಲ್ಲಿ ಹೊಸ ಹಾಳೆ ತರಿಸಿ ಮುಕ್ಕಾಲು ಇಳಿಜಾರು ಹೊದಿಸಿದ್ದಳು. ಗನ್ನಿಲ್ಲ, ಕಂಪ್ರೆಸರ್ ಇಲ್ಲ. ಮೊಳೆಗೆ ಎರಡೇಟು. ಸಾಲುಗಳು ಕೊರೆದಿಟ್ಟಂತೆ ನೇರ. ನಾನು ಕೆಳಗೆ ನಿಂತು ಕತ್ತೆತ್ತಿ ನೋಡಿದೆ.

"ಪಾಸ್ಟರ್ ಬಂದಿದ್ರು" ಅಂದಳು, ಸುತ್ತಿಗೆ ನಿಲ್ಲಿಸದೆ. "ನಾನು ಲೈಲ್‌ಗೆ ಸಹಾಯ ಮಾಡ್ತಿದ್ದೆ ಅಂತ ಹೇಳಿದ್ಯಂತೆ."

"ಹೌದು ಆರ್ಡಿಸ್."

ಇನ್ನೂ ಎರಡು ಹಾಳೆ ಹೊಡೆದಳು. ಆಮೇಲೆ ತಿರುಗಿ ಕೂತು ನನ್ನನ್ನು ನೋಡಿದಳು.

"ಲೈಲ್ ಅಷ್ಟೆತ್ತರದಿಂದ ಬಿದ್ದಿದ್ದ. ಅವನಿಗೆ ಹೆದರಿಕೆ ಇತ್ತು, ನಾಚಿಕೆ ಇತ್ತು. ಅವನಿಗೋಸ್ಕರ ನಾನು ಬಾಯಿ ಮುಚ್ಕೊಂಡೆ, ನನಗೆ ಬೇಜಾರಿಲ್ಲ. ನಿನಗೇನಾಗಿತ್ತು ವೆಂಡೆಲ್? ನೀನೆಲ್ಲಿಂದ ಬಿದ್ದಿದ್ದೆ?"

ಬಂದ ಕೆಲಸ ಹೇಳಿದೆ. ಏಣಿ ಅಂದೆ. "ನನ್ನ ಒಳ್ಳೇದಕ್ಕೇ ಅಂತ ಹೇಳ್ತಾರೆ ಅಲ್ವಾ?" ಅಂದಳು. ಹೌದು ಅಂದೆ. ಬಕೆಟ್ ಬೋರಲು ಹಾಕಿಕೊಂಡು ಕೂತೆ. ಅವಳು ನೆತ್ತಿಯ ಸಾಲು ಮುಗಿಸುವವರೆಗೆ ಮೂರು ಗಂಟೆ ಕೂತಿದ್ದೆ. ಒಂದು ಕಟ್ಟು ಶಿಂಗಲ್ ಮೇಲಕ್ಕೆ ಹೊತ್ತುಕೊಡಲೇ ಅಂತ ಕೇಳಬಹುದಿತ್ತು. ಅದೂ ಹೊಳೆಯಲಿಲ್ಲ.

ಇಳಿದು ಬಂದವಳು ಏಣಿಯ ಕೊಕ್ಕೆ ಬಿಚ್ಚಿ, ಎರಡು ತುಂಡನ್ನೂ ಒಂದರೊಳಗೊಂದು ಇಳಿಸಿ ನೆಲಕ್ಕೆ ಮಲಗಿಸಿದಳು.

"ಆ ಕಡೆ ಹಿಡಿ. ಒಬ್ಬರ ಕೈಲಿ ಆಗಲ್ಲ ಇದು."

"ಆರ್ಡಿಸ್, ನಿನಗೆ ಬೇಡ ಅಂದ್ರೆ ನಾನು ಬಿಟ್ಟು ಹೋಗ್ತೀನಿ. ಡ್ವೇನ್‌ಗೆ ಏನಾದ್ರೂ ಹೇಳ್ತೀನಿ."

"ನೀನಾ? ಹೇಳೋದಾ?" ಅಂದಳು. "ನೀನು ತಗೊಂಡ್ಹೋಗದಿದ್ರೆ ನಾಳೆ ಅವನು ಹನ್ನೊಂದು ಜನಾನ ಕರ್ಕೊಂಡ್ಬರ್ತಾನೆ. ಮತ್ತೆ ನಾನು ಕಾಫಿ ಮಾಡ್ಬೇಕು. ಹಿಡಿ."

ಇಬ್ಬರೂ ಹೊತ್ತು ನನ್ನ ಪಿಕಪ್ಪಿಗೆ ಹಾಕಿದೆವು. ಹಗ್ಗವನ್ನು ಅವಳೇ ಬಿಗಿದಳು, ನಾನು ಕಟ್ಟಿದ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದಳು. ನಾನು ಗಾಡಿಯಲ್ಲಿ ಕೂತು ಕಿಟಕಿ ಇಳಿಸಿದೆ. ಏನಾದರೂ ಹೇಳದೆ ಹೊರಡಲು ಆಗಲಿಲ್ಲ. ಸಾವಿನ ಮನೆಯಲ್ಲಿ, ಆಸ್ಪತ್ರೆಯಲ್ಲಿ, ಎಲ್ಲ ಕಡೆ ನಾವು ಹೇಳುವ ಮಾತು ಬಾಯಿಗೆ ಬಂತು.

"ಏನಾದ್ರೂ ಬೇಕಿದ್ರೆ ಹೇಳು ಆರ್ಡಿಸ್. ಸಂಕೋಚ ಪಟ್ಕೋಬೇಡ."

"ಏಣಿ ಬೇಕು" ಅಂದಳು.

ನಾನು ನಕ್ಕೆ. ಅವಳು ನಗಲಿಲ್ಲ. ಕಿಟಕಿಯ ಮೇಲೆ ಕೈಯಿಟ್ಟುಕೊಂಡು, ನಿಜವಾಗಿ ಏನೋ ಕೇಳಿ ಅದಕ್ಕೆ ಉತ್ತರ ಕಾಯುವವರ ಹಾಗೆ ನಿಂತೇ ಇದ್ದಳು. ನಾನು ಗಾಡಿ ಹೊರಡಿಸಿದೆ.